ಕರುಳಿನ ಕ್ಯಾನ್ಸರ್‌ನ ಮುಂಗುರುತುಗಳು

ದೊಡ್ಡಕರುಳು ಮತ್ತು ಗುದನಾಳದ ಕ್ಯಾನ್ಸರ್ ನಿಧಾನವಾಗಿ ಬೆಳೆಯುವ ರೋಗ. ಕರುಳಿನ ಒಳಪದರದಲ್ಲಿ ಪಾಲಿಪ್ ಎಂಬ ಪುಟ್ಟದೊಂದು ಗಂಟು ಎದ್ದು, ವರ್ಷದಿಂದ ವರ್ಷಕ್ಕೆ ಹಿಗ್ಗಿ, ಗುಣ ಕೆಟ್ಟು, ಕೊನೆಗೆ ಕರುಳಿನ ಗೋಡೆಯೊಳಕ್ಕೆ ಇಳಿಯುವ ಹೊತ್ತಿಗೆ ಸಾಮಾನ್ಯವಾಗಿ ಹತ್ತು ವರ್ಷಗಳಾದರೂ ಕಳೆದಿರುತ್ತವೆ. ಅಷ್ಟೂ ಕಾಲ ನೋವಿಲ್ಲ, ಜ್ವರವಿಲ್ಲ, ಊಟ ಬೇಡವೆನಿಸುವುದಿಲ್ಲ. ಮಲದಲ್ಲಿ ಕಣ್ಣಿಗೆ ಕಾಣುವ ರಕ್ತ, ಮಲವಿಸರ್ಜನೆಯ ಅಭ್ಯಾಸದಲ್ಲಿ ಏರುಪೇರು, ಕಾರಣವಿಲ್ಲದೆ ಇಳಿಯುವ ತೂಕ, ಮೆಟ್ಟಿಲು ಹತ್ತಿದರೆ ಏದುಸಿರು ಬರಿಸುವ ರಕ್ತಹೀನತೆ ಇವೆಲ್ಲ ಕಾಣಿಸಿಕೊಂಡು ವೈದ್ಯರ ಬಳಿ ಹೋಗುವಷ್ಟರಲ್ಲಿ ಗಡ್ಡೆ ಎಷ್ಟೋ ಸಲ ಗೋಡೆ ದಾಟಿರುತ್ತದೆ. ಅಮೆರಿಕದ ಲೆಕ್ಕದ ಪ್ರಕಾರ, ರೋಗ ಕರುಳಿಗಷ್ಟೇ ಸೀಮಿತವಾಗಿದ್ದಾಗ ಪತ್ತೆಯಾದವರಲ್ಲಿ ನೂರಕ್ಕೆ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ಯಕೃತ್ತಿಗೋ ಶ್ವಾಸಕೋಶಕ್ಕೋ ಹರಡಿದ ಮೇಲೆ ಪತ್ತೆಯಾದವರಲ್ಲಿ 15ರ ಆಸುಪಾಸು. ಜಗತ್ತಿನಲ್ಲಿ 2022ರಲ್ಲಿ ಸುಮಾರು 19 ಲಕ್ಷ ಜನರಲ್ಲಿ ಈ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 9 ಲಕ್ಷ ಜನ ಇದರಿಂದ ಸತ್ತರು. ಕ್ಯಾನ್ಸರ್ ಸಾವುಗಳಲ್ಲಿ ಶ್ವಾಸಕೋಶದ ನಂತರದ ಸ್ಥಾನ ಇದರದೇ.

ಮದ್ದಿನ ಸಾಮರ್ಥ್ಯಕ್ಕಿಂತ ಪತ್ತೆಯಾದ ಹೊತ್ತೇ ಇಲ್ಲಿ ಹೆಚ್ಚು ನಿರ್ಣಾಯಕ. ಆ ಹತ್ತು ವರ್ಷಗಳ ಮೌನದಲ್ಲಿ ಗಡ್ಡೆ ತನ್ನ ಇರವನ್ನು ತೋರಿಸಿಕೊಡುವ ಏನನ್ನಾದರೂ ಹೊರಕ್ಕೆ ಬಿಡುತ್ತದೆಯೆ ಎಂಬುದು ಜೈವಿಕ ಸೂಚಕಗಳ ಹುಡುಕಾಟದ ಮೂಲ ಪ್ರಶ್ನೆ. ಸೂಚಕವೆಂದರೆ ರಕ್ತ, ಮಲ, ಮೂತ್ರ, ಉಸಿರು ಅಥವಾ ಅಂಗಾಂಶದಲ್ಲಿ ಅಳೆಯಬಹುದಾದ, ರೋಗದೊಂದಿಗೆ ನಂಟಿರುವ ಯಾವುದೇ ವಸ್ತು. ಅದು ಪ್ರೋಟೀನ್ ಆಗಿರಬಹುದು, ಡಿಎನ್‌ಎಯ ಒಂದು ತುಣುಕಾಗಿರಬಹುದು, ಬ್ಯಾಕ್ಟೀರಿಯಾ ಆಗಿರಬಹುದು. ಕರುಳಿನ ವಿಷಯದಲ್ಲಿ ಸೂಚಕಕ್ಕೆ ಎರಡು ಗುರಿಗಳಿವೆ: ಮೊದಲ ಹಂತದ ಕ್ಯಾನ್ಸರನ್ನು ಹಿಡಿಯುವುದು ಒಂದು, ಕ್ಯಾನ್ಸರ್ ಆಗುವ ಮುನ್ನವೇ ದೊಡ್ಡ ಪಾಲಿಪ್ ಅನ್ನು ಹಿಡಿಯುವುದು ಇನ್ನೊಂದು. ಮೊದಲನೆಯದು ಸಾವನ್ನು ತಪ್ಪಿಸುತ್ತದೆ, ಎರಡನೆಯದು ರೋಗವನ್ನೇ ತಪ್ಪಿಸುತ್ತದೆ. ಹೊಸ ಪರೀಕ್ಷೆಗಳ ಜಾಹೀರಾತುಗಳು ಮೊದಲ ಗುರಿಯ ಅಂಕಿಯನ್ನು ದೊಡ್ಡಕ್ಷರದಲ್ಲಿ ಹೇಳಿ ಎರಡನೆಯದರ ಅಂಕಿಯನ್ನು ಮೆಲ್ಲಗೆ ದಾಟಿಬಿಡುತ್ತವೆ.

ಪಾಲಿಪ್‌ನಿಂದ ಕ್ಯಾನ್ಸರ್‌ವರೆಗಿನ ದಾರಿಯ ನಕ್ಷೆ ಬಿಡಿಸಿದವರು ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಎರಿಕ್ ಫಿಯರನ್ ಮತ್ತು ಬರ್ಟ್ ವೊಗೆಲ್‌ಸ್ಟೈನ್. 1990ರಲ್ಲಿ ಅವರು ಮಂಡಿಸಿದ ಮಾದರಿಯ ಪ್ರಕಾರ ಒಂದು ಜೀನ್ ಕೆಟ್ಟ ಮಾತ್ರಕ್ಕೆ ಕ್ಯಾನ್ಸರ್ ಆಗುವುದಿಲ್ಲ. ಒಂದರ ಮೇಲೊಂದು ಕೆಡುತ್ತ ಹೋಗಬೇಕು. ಕೋಶಗಳ ಬೆಳವಣಿಗೆಗೆ ಕಡಿವಾಣ ಹಾಕುವ ಎಪಿಸಿ ಜೀನ್ ಬಹುತೇಕ ಗಡ್ಡೆಗಳಲ್ಲಿ ಮೊದಲು ಕೆಡುತ್ತದೆ, ಚಿಕ್ಕ ಪಾಲಿಪ್ ಏಳುತ್ತದೆ. ಕೆ-ರಾಸ್ ಜೀನ್‌ನಲ್ಲಿ ದೋಷ ಬಂದರೆ ಅದು ಹಿಗ್ಗುತ್ತದೆ. ಟಿಪಿ-53 ಕೈಕೊಟ್ಟಾಗ ಗಡ್ಡೆ ಗೋಡೆಯೊಳಕ್ಕೆ ನುಗ್ಗುತ್ತದೆ. ಎಲ್ಲ ಗಡ್ಡೆಗಳೂ ಇದೇ ದಾರಿ ಹಿಡಿಯುವುದಿಲ್ಲವೆಂದು ಆಮೇಲೆ ತಿಳಿಯಿತು. ಕರುಳಿನ ಬಲಭಾಗದಲ್ಲಿ ಚಪ್ಪಟೆಯಾಗಿ, ಲೋಳೆ ಹೊದ್ದುಕೊಂಡು ಕೂರುವ ಗರಗಸದಂಚಿನ ಪಾಲಿಪ್‌ಗಳು ಬಿ-ರಾಫ್ ಜೀನ್‌ನ ದೋಷದಿಂದ ಹೊರಟು ಬೇರೆಯೇ ಹಾದಿಯಲ್ಲಿ ಸಾಗುತ್ತವೆ. ಅವು ರಕ್ತ ಸೋರಿಸುವುದೂ ಕಡಿಮೆ, ಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಯಿಸಿ ನೋಡುವ ಕೊಲೊನೋಸ್ಕೋಪಿ ಮಾಡುವವರ ಕಣ್ಣು ತಪ್ಪಿಸುವುದೂ ಹೆಚ್ಚು. ಪಾಲಿಪ್‌ಗಳಲ್ಲಿ ನೂರಕ್ಕೆ ಕೆಲವೇ ಕೆಲವು ಮಾತ್ರ ಕ್ಯಾನ್ಸರ್ ಆಗುತ್ತವೆ ಎಂಬುದನ್ನೂ ಇಲ್ಲೇ ನೆನಪಿಡಬೇಕು. ಕಂಡದ್ದೆಲ್ಲ ಅಪಾಯಕಾರಿಯಾಗಿದ್ದರೆ ಪತ್ತೆಯ ಕೆಲಸ ಎಷ್ಟೋ ಸುಲಭವಾಗುತ್ತಿತ್ತು.

ಎಲ್ಲಕ್ಕಿಂತ ಹಳೆಯ ಸೂಚಕ ರಕ್ತ. ಬೆಳೆಯುವ ಗಡ್ಡೆಯ ಮೇಲ್ಮೈಯಲ್ಲಿ ರಕ್ತನಾಳಗಳು ತೆಳುವಾಗಿ, ಒರಟಾಗಿ ಹಬ್ಬಿರುತ್ತವೆ. ಮಲ ಉಜ್ಜಿಕೊಂಡು ಸಾಗುವಾಗ ಅವು ಒಡೆದು ರಕ್ತ ಒಸರುತ್ತದೆ. ಅದು ಎಷ್ಟು ಕಡಿಮೆಯೆಂದರೆ ಮಲದ ಬಣ್ಣವೂ ಬದಲಾಗುವುದಿಲ್ಲ. ಗ್ವಾಯಕಮ್ ಎಂಬ ಮರದ ಅಂಟು ರಕ್ತ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿದಾಗ ನೀಲಿಯಾಗುತ್ತದೆಂಬುದು 19ನೇ ಶತಮಾನದಲ್ಲೇ ಗೊತ್ತಿತ್ತು. 1967ರಲ್ಲಿ ಅಮೆರಿಕದ ವೈದ್ಯ ಡೇವಿಡ್ ಗ್ರೀಗರ್ ಈ ಅಂಟು ಲೇಪಿಸಿದ ಕಾಗದದ ಕಾರ್ಡುಗಳನ್ನು ರೋಗಿಗಳ ಮನೆಗೆ ಕೊಟ್ಟು ಕಳಿಸುವ ಪದ್ಧತಿಯನ್ನು ವಿವರಿಸಿದರು. ಮೂರು ದಿನದ ಮಲ, ದಿನಕ್ಕೆ ಎರಡು ಕಡೆಯಿಂದ ಕಡ್ಡಿಯಲ್ಲಿ ತೆಗೆದು ಕಾರ್ಡಿನ ಕಿಟಕಿಗಳಿಗೆ ಸವರಬೇಕು. ಪ್ರಯೋಗಾಲಯದಲ್ಲಿ ಹಿಂಬದಿಯಿಂದ ಪೆರಾಕ್ಸೈಡ್ ಹನಿ ಹಾಕಿದಾಗ ಅಂಚಿನಲ್ಲಿ ನೀಲಿ ಮೂಡಿದರೆ ರಕ್ತವಿದೆ ಎಂದರ್ಥ.

ಈ ಅಗ್ಗದ ಕಾರ್ಡು ಜೀವ ಉಳಿಸುತ್ತದೆಂದು ತೋರಿಸಿದ್ದು ಮಿನೆಸೋಟದಲ್ಲಿ ನಡೆದ ದೊಡ್ಡ ಪ್ರಯೋಗ. 50ರಿಂದ 80 ವಯಸ್ಸಿನ 46 ಸಾವಿರಕ್ಕೂ ಹೆಚ್ಚು ಜನರನ್ನು ಚೀಟಿ ಎತ್ತಿದಂತೆ ಗುಂಪುಗಳಾಗಿ ಹಂಚಿ, ಒಂದು ಗುಂಪಿಗೆ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಲಾಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ 13 ವರ್ಷಗಳಲ್ಲಿ ಆ ಗುಂಪಿನಲ್ಲಿ ಕರುಳಿನ ಕ್ಯಾನ್ಸರ್ ಸಾವು ಶೇ. 33ರಷ್ಟು ಇಳಿದಿತ್ತು. 1996ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಡೆನ್ಮಾರ್ಕಿನ ಫ್ಯುನೆನ್‌ನಿಂದ ಬಂದ, ಎರಡು ವರ್ಷಕ್ಕೊಮ್ಮೆ ಪರೀಕ್ಷಿಸಿದ ಪ್ರಯೋಗಗಳಲ್ಲಿ ಇಳಿಕೆ ಕ್ರಮವಾಗಿ ಶೇ. 15 ಮತ್ತು 18. ಕ್ಯಾನ್ಸರ್ ಪತ್ತೆಯ ಯಾವುದೇ ಸೂಚಕಕ್ಕೆ ಇಂಥ ಪುರಾವೆ ಅಪರೂಪ. ಸೂಚಕ ರೋಗವನ್ನು ಗುರುತಿಸುತ್ತದೆ ಎಂದು ತೋರಿಸುವುದು ಸುಲಭ, ಅದರಿಂದ ಸಾವು ಕಡಿಮೆಯಾಯಿತೆಂದು ತೋರಿಸಲು ಹತ್ತಿಪ್ಪತ್ತು ವರ್ಷ ಕಾಯಬೇಕು.

ಆದರೆ ಗ್ವಾಯಕಮ್‌ಗೆ ಮನುಷ್ಯನ ರಕ್ತ, ಕುರಿಯ ರಕ್ತ ಎಂಬ ಭೇದ ತಿಳಿಯದು. ಹಿಂದಿನ ರಾತ್ರಿಯ ಮಟನ್ ಸಾರು, ಹಸಿ ಮೂಲಂಗಿಯ ಕೋಸಂಬರಿ ಸಹ ಕಾರ್ಡನ್ನು ನೀಲಿ ಮಾಡಬಲ್ಲವು. ವಿಟಮಿನ್ ಸಿ ಮಾತ್ರೆ ಹೆಚ್ಚು ನುಂಗಿದವರಲ್ಲಿ ರಕ್ತವಿದ್ದರೂ ನೀಲಿ ಮೂಡದೆ ಹೋಗಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಪ್ರತಿಕಾಯ ಬಳಸುವ ಮಲಪರೀಕ್ಷೆ, ಚಿಕ್ಕದಾಗಿ ‘ಫಿಟ್’. ಇದು ಮನುಷ್ಯನ ಹಿಮೋಗ್ಲೋಬಿನ್‌ನ ಗ್ಲೋಬಿನ್ ಭಾಗವನ್ನಷ್ಟೇ ಹಿಡಿಯುತ್ತದೆ. ಹೊಟ್ಟೆಯ ಹುಣ್ಣಿನಿಂದ ಅಥವಾ ಸಣ್ಣಕರುಳಿನ ಮೇಲ್ಭಾಗದಿಂದ ಸೋರಿದ ರಕ್ತದ ಗ್ಲೋಬಿನ್ ದಾರಿಯಲ್ಲೇ ಜೀರ್ಣವಾಗಿ ಹೋಗುವುದರಿಂದ, ಪರೀಕ್ಷೆಯಲ್ಲಿ ಕಾಣುವುದು ಮುಖ್ಯವಾಗಿ ದೊಡ್ಡಕರುಳಿನ ರಕ್ತ. ಪಥ್ಯ ಬೇಕಿಲ್ಲ. ಬೆರಳುದ್ದದ ಪ್ಲಾಸ್ಟಿಕ್ ಕೊಳವೆಯ ಮುಚ್ಚಳಕ್ಕೇ ಗೀರುಗಳಿರುವ ಸಣ್ಣ ಕಡ್ಡಿ ಅಂಟಿಕೊಂಡಿರುತ್ತದೆ. ಆ ಕಡ್ಡಿಯನ್ನು ಮಲದಲ್ಲಿ ನಾಲ್ಕಾರು ಕಡೆ ಚುಚ್ಚಿ, ಗೀರುಗಳು ತುಂಬಿದ ಮೇಲೆ ಮತ್ತೆ ಕೊಳವೆಗೆ ತೂರಿಸಿದರೆ, ಕಿರಿದಾದ ಕುತ್ತಿಗೆಯಲ್ಲಿ ಹೆಚ್ಚಿನದು ಒರೆಸಿಹೋಗಿ ಸುಮಾರು 10 ಮಿಲಿಗ್ರಾಂ ಮಾತ್ರ ಒಳಗಿನ ದ್ರಾವಣಕ್ಕೆ ಇಳಿಯುತ್ತದೆ. ಯಂತ್ರ ಅದರಲ್ಲಿನ ಹಿಮೋಗ್ಲೋಬಿನ್ ಪ್ರಮಾಣವನ್ನು ಒಂದು ಗ್ರಾಂ ಮಲಕ್ಕೆ ಇಷ್ಟು ಮೈಕ್ರೋಗ್ರಾಂ ಎಂದು ಅಂಕಿಯಲ್ಲಿ ಹೇಳುತ್ತದೆ. ಜಪಾನ್ 1992ರಿಂದಲೇ 40 ದಾಟಿದವರಿಗೆ ಇದನ್ನು ರಾಷ್ಟ್ರೀಯ ಕಾರ್ಯಕ್ರಮವಾಗಿ ನಡೆಸುತ್ತಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಕ್ಯಾನ್ಸರ್ ಇದ್ದವರಲ್ಲಿ ನೂರಕ್ಕೆ 79 ಮಂದಿಯನ್ನು ಫಿಟ್ ಹಿಡಿದಿತ್ತು, ಇಲ್ಲದವರಲ್ಲಿ ನೂರಕ್ಕೆ 94 ಮಂದಿಗೆ ಸರಿಯಾಗಿಯೇ ನೆಗೆಟಿವ್ ಎಂದಿತ್ತು. ಮೊದಲನೆಯ ಅಂಕಿಯನ್ನು ಪರೀಕ್ಷೆಯ ಸೂಕ್ಷ್ಮತೆ ಎಂದೂ ಎರಡನೆಯದನ್ನು ನಿರ್ದಿಷ್ಟತೆ ಎಂದೂ ಕರೆಯುತ್ತಾರೆ.

ಅಂಕಿಯಲ್ಲಿ ಉತ್ತರ ಕೊಡುವ ಪರೀಕ್ಷೆ ಬಂದಾಗ ಗೆರೆ ಎಲ್ಲಿ ಎಳೆಯಬೇಕೆಂಬ ಪ್ರಶ್ನೆಯೂ ಬಂತು. ನೆದರ್‌ಲ್ಯಾಂಡ್ಸ್ 2014ರಲ್ಲಿ ತನ್ನ ಕಾರ್ಯಕ್ರಮ ಶುರು ಮಾಡುವಾಗ 15 ಮೈಕ್ರೋಗ್ರಾಂ ದಾಟಿದರೆ ಪಾಸಿಟಿವ್ ಎಂದಿತು. ನಿರೀಕ್ಷೆ ಮೀರಿ ಜನ ಪಾಸಿಟಿವ್ ಆದರು, ಪಾಸಿಟಿವ್ ಆದವರಿಗೆ ಮಾಡಬೇಕಾದ ಕೊಲೊನೋಸ್ಕೋಪಿಗೆ ಸಾಲು ಬೆಳೆಯಿತು. ಅದೇ ವರ್ಷದ ನಡುವೆಯೇ ಗೆರೆಯನ್ನು 47ಕ್ಕೆ ಏರಿಸಲಾಯಿತು. ಸ್ಕಾಟ್ಲೆಂಡ್ 2017ರಲ್ಲಿ 80 ಎಂದಿಟ್ಟುಕೊಂಡಿತು, ಇಂಗ್ಲೆಂಡ್ 2019ರಲ್ಲಿ 120. ಒಂದೇ ಅಣು, ಒಂದೇ ವಿಧಾನ. ಲಂಡನ್ನಿನಲ್ಲಿ ನೆಗೆಟಿವ್ ಆದವರು ಎಡಿನ್‌ಬರೋದಲ್ಲಿ ಪಾಸಿಟಿವ್ ಆಗಬಹುದಿತ್ತು. ಗೆರೆಯನ್ನು ನಿರ್ಧರಿಸಿದ್ದು ಜೀವಶಾಸ್ತ್ರವಲ್ಲ, ಆ ದೇಶದಲ್ಲಿ ವರ್ಷಕ್ಕೆ ಎಷ್ಟು ಕೊಲೊನೋಸ್ಕೋಪಿ ಮಾಡಲು ಸಾಧ್ಯ ಎಂಬ ಲೆಕ್ಕ. ಸೂಚಕದ ಬೆಲೆ ಅದರ ಅಣುವಿನಲ್ಲಿ ಎಷ್ಟಿದೆಯೋ ಅದನ್ನು ಬಳಸುವ ವ್ಯವಸ್ಥೆಯಲ್ಲೂ ಅಷ್ಟೇ ಇದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ. ಇಂಗ್ಲೆಂಡಿನ ಬದಲಾವಣೆಗೆ ಇನ್ನೊಂದು ಮಗ್ಗುಲೂ ಇದೆ. ಮೂರು ದಿನ ಕಾರ್ಡಿಗೆ ಸವರುವ ಕೆಲಸ ಹೋಗಿ ಒಂದೇ ದಿನ ಒಂದೇ ಕಡ್ಡಿ ಎಂದಾದಾಗ, ಪೂರ್ವಭಾವಿ ಅಧ್ಯಯನದಲ್ಲಿ ಪರೀಕ್ಷೆಗೆ ಒಪ್ಪಿದವರ ಪ್ರಮಾಣ ಶೇ. 59ರಿಂದ 66ಕ್ಕೆ ಏರಿತು. ಯಾವ ಹೊಸ ಅಣುವನ್ನೂ ಕಂಡುಹಿಡಿಯದೆ ಬಂದ ಲಾಭ ಅದು.

ಗೆರೆಯಷ್ಟೇ ಮುಖ್ಯವಾದದ್ದು ಯಾರನ್ನು ಪರೀಕ್ಷಿಸಲಾಗುತ್ತಿದೆ ಎಂಬುದು. ಹತ್ತು ಸಾವಿರ ಜನರಲ್ಲಿ 50 ಮಂದಿಗೆ ಕ್ಯಾನ್ಸರ್ ಇದೆ ಎಂದುಕೊಂಡು, ಸೂಕ್ಷ್ಮತೆ ಶೇ. 80, ನಿರ್ದಿಷ್ಟತೆ ಶೇ. 95 ಇರುವ ಪರೀಕ್ಷೆ ನಡೆಸಿದರೆ 40 ಮಂದಿ ಸಿಕ್ಕಿಬೀಳುತ್ತಾರೆ. ಕ್ಯಾನ್ಸರ್ ಇಲ್ಲದ ಸುಮಾರು 500 ಮಂದಿಯೂ ಪಾಸಿಟಿವ್ ಆಗುತ್ತಾರೆ. ಅಂದರೆ ಪಾಸಿಟಿವ್ ಆದ 13 ಜನರಲ್ಲಿ ಒಬ್ಬರಿಗೆ ರೋಗ. ಅದೇ ಹತ್ತು ಸಾವಿರದಲ್ಲಿ ಕ್ಯಾನ್ಸರ್ ಇರುವವರು 5 ಮಂದಿ ಮಾತ್ರವಾದರೆ ಸಿಗುವವರು 4, ಹುಸಿ ಪಾಸಿಟಿವ್ ಮತ್ತೆ ಸುಮಾರು 500. ಈಗ 126ರಲ್ಲಿ ಒಬ್ಬರಿಗೆ ರೋಗ. ಉಳಿದ 125 ಮಂದಿ ಭೇದಿ ಔಷಧಿ ಕುಡಿದು, ಕೆಲಸ ಬಿಟ್ಟು, ಹೆದರಿಕೊಂಡು ಕೊಲೊನೋಸ್ಕೋಪಿಗೆ ಮಲಗಬೇಕು. ಪರೀಕ್ಷೆ ಬದಲಾಗಿಲ್ಲ, ಜನ ಬದಲಾಗಿದ್ದಾರೆ. ಭಾರತದಲ್ಲಿ ಈ ಕ್ಯಾನ್ಸರ್‌ನ ಪ್ರಮಾಣ ಪಶ್ಚಿಮದ ದೇಶಗಳಿಗಿಂತ ಬಹಳ ಕಡಿಮೆಯಿರುವುದರಿಂದ ಈ ಎರಡನೆಯ ಲೆಕ್ಕ ಇಲ್ಲಿಗೆ ಹತ್ತಿರ.

ರಕ್ತಪರೀಕ್ಷೆಯೊಂದರಿಂದಲೇ ಕರುಳಿನ ಕ್ಯಾನ್ಸರ್ ತಿಳಿಯಬಹುದೆಂಬ ಮೊದಲ ಆಸೆ ಹುಟ್ಟಿದ್ದು 1965ರಲ್ಲಿ, ಕೆನಡಾದ ಮಾಂಟ್ರಿಯಲ್‌ನಲ್ಲಿ. ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಕರುಳಿನ ಗಡ್ಡೆಗಳಲ್ಲಿ ಒಂದು ಪ್ರೋಟೀನ್ ಕಂಡರು. ಅದು ಭ್ರೂಣದ ಕರುಳಿನಲ್ಲಿ ಇತ್ತು, ಆರೋಗ್ಯವಂತ ವಯಸ್ಕರ ಕರುಳಿನಲ್ಲಿ ಇಲ್ಲವೆಂದೇ ತೋರಿತು. ಅದೇ ಸಿಇಎ. ಕ್ಯಾನ್ಸರ್ ಕೋಶಗಳು ಭ್ರೂಣಾವಸ್ಥೆಗೆ ಮರಳುತ್ತವೆ ಎಂಬ ಆಕರ್ಷಕ ಕಲ್ಪನೆಗೆ ಅದು ಹೊಂದಿಕೊಂಡಿತ್ತು. ಆದರೆ ಸೂಕ್ಷ್ಮ ವಿಧಾನಗಳು ಬಂದಂತೆ ಆರೋಗ್ಯವಂತರಲ್ಲೂ ಅದು ಸ್ವಲ್ಪ ಇರುವುದು, ಬೀಡಿ ಸಿಗರೇಟು ಸೇದುವವರಲ್ಲಿ, ಯಕೃತ್ತಿನ ಕಾಯಿಲೆ, ಕರುಳಿನ ಉರಿಯೂತ ಇರುವವರಲ್ಲಿ ಏರುವುದು, ಮೊದಲ ಹಂತದ ಕ್ಯಾನ್ಸರ್ ಇರುವ ಬಹುಪಾಲು ಜನರಲ್ಲಿ ಏರದೇ ಇರುವುದು ಗೊತ್ತಾಯಿತು. ಇಂದು ಸಿಇಎ ಬಳಕೆಯಾಗುವುದು ಶಸ್ತ್ರಚಿಕಿತ್ಸೆ ಆದ ಮೇಲೆ ರೋಗ ಮರುಕಳಿಸಿತೇ ಎಂದು ನೋಡಲು. ಆ ಕೆಲಸಕ್ಕೆ ಅದು ಒಳ್ಳೆಯ ಸೂಚಕ. ತೊಂದರೆ ಬಂದಿರುವುದು ‘ಪೂರ್ಣ ದೇಹ ತಪಾಸಣೆ’ ಎಂಬ ಪ್ಯಾಕೇಜುಗಳಲ್ಲಿ. ಯಾವ ಲಕ್ಷಣವೂ ಇಲ್ಲದವರ ಸಿಇಎ ಅಳೆದು, ಸಹಜವಾಗಿ ಬಂದರೆ ಕ್ಯಾನ್ಸರ್ ಇಲ್ಲವೆಂಬ ಸುಳ್ಳು ಸಮಾಧಾನವನ್ನೂ, ತುಸು ಏರಿದ್ದರೆ ಸ್ಕ್ಯಾನ್‌ಗಳ ಸರಮಾಲೆಯನ್ನೂ ಇವು ಕೊಡುತ್ತವೆ. ಯಾವ ಪ್ರಮುಖ ವೈದ್ಯಕೀಯ ಮಾರ್ಗಸೂಚಿಯೂ ಇದನ್ನು ತಪಾಸಣೆಗೆ ಶಿಫಾರಸು ಮಾಡಿಲ್ಲ.

ಮಲದಲ್ಲಿ ಬರುವ ಡಿಎನ್‌ಎಯ ಕತೆ ಬೇರೆ. ಕರುಳಿನ ಒಳಪದರ ಸದಾ ಕೋಶಗಳನ್ನು ಉದುರಿಸುತ್ತಿರುತ್ತದೆ, ಗಡ್ಡೆ ಇನ್ನೂ ಹೆಚ್ಚು ಉದುರಿಸುತ್ತದೆ. 1992ರಲ್ಲಿ ಡೇವಿಡ್ ಸಿಡ್ರಾನ್ಸ್ಕಿ ಮತ್ತು ಸಂಗಡಿಗರು ಗುಣವಾಗಬಲ್ಲ ಹಂತದ ಗಡ್ಡೆಗಳಿದ್ದ ರೋಗಿಗಳ ಮಲದಲ್ಲಿ ರಾಸ್ ಜೀನ್‌ನ ದೋಷವನ್ನು ಗುರುತಿಸಿ ತೋರಿಸಿದರು. ಮಲದಲ್ಲಿರುವ ಡಿಎನ್‌ಎಯಲ್ಲಿ ಬಹುಪಾಲು ಬ್ಯಾಕ್ಟೀರಿಯಾಗಳದ್ದು, ಮನುಷ್ಯನದು ಅತ್ಯಲ್ಪ, ಅದರಲ್ಲಿ ಗಡ್ಡೆಯದು ಇನ್ನೂ ಅಲ್ಪ. ಜೊತೆಗೆ ಗಡ್ಡೆಯಿಂದ ಗಡ್ಡೆಗೆ ದೋಷದ ಜಾಗ ಬೇರೆ. ಹೀಗಾಗಿ ಸಂಶೋಧಕರು ಜೀನ್‌ನ ಅಕ್ಷರ ತಪ್ಪುಗಳ ಜೊತೆಗೆ ಮಿಥೈಲೀಕರಣದ ಕಡೆಗೂ ತಿರುಗಿದರು. ಕೆಲವು ಜೀನ್‌ಗಳ ಆರಂಭದ ಭಾಗದಲ್ಲಿ ಸೈಟೊಸಿನ್ ಅಕ್ಷರಗಳಿಗೆ ಮಿಥೈಲ್ ಗುಂಪು ಅಂಟಿ ಜೀನ್ ಮುಚ್ಚಿಹೋಗುತ್ತದೆ. ಕರುಳಿನ ಗಡ್ಡೆಗಳಲ್ಲಿ ಇದು ಬಹಳ ಬೇಗ, ಪಾಲಿಪ್ ಹಂತದಲ್ಲೇ, ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ನಡೆಯುತ್ತದೆ. ಡಿಎನ್‌ಎಗೆ ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದಾಗ ಮಿಥೈಲ್ ಇಲ್ಲದ ಸೈಟೊಸಿನ್ ಯುರಾಸಿಲ್ ಆಗಿ ಬದಲಾಗುತ್ತದೆ, ಮಿಥೈಲ್ ಇದ್ದದ್ದು ಹಾಗೆಯೇ ಉಳಿಯುತ್ತದೆ. ಆ ವ್ಯತ್ಯಾಸವನ್ನು ಪಿಸಿಆರ್ ಓದಬಲ್ಲದು.

ಅಮೆರಿಕದ ಮೇಯೊ ಕ್ಲಿನಿಕ್‌ನ ಡೇವಿಡ್ ಆಲ್‌ಕ್ವಿಸ್ಟ್ ಈ ದಾರಿಯಲ್ಲಿ ವರ್ಷಗಟ್ಟಲೆ ದುಡಿದರು. ಕೆ-ರಾಸ್ ದೋಷಗಳು, ಎನ್‌ಡಿಆರ್‌ಜಿ-4 ಮತ್ತು ಬಿಎಂಪಿ-3 ಜೀನ್‌ಗಳ ಮಿಥೈಲೀಕರಣ, ಜೊತೆಗೆ ಹಿಮೋಗ್ಲೋಬಿನ್, ಇವನ್ನು ಒಟ್ಟಿಗೆ ಅಳೆಯುವ ‘ಕೊಲೊಗಾರ್ಡ್’ ಪರೀಕ್ಷೆಗೆ 2014ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಸುಮಾರು ಹತ್ತು ಸಾವಿರ ಜನರಲ್ಲಿ ಫಿಟ್ ಜೊತೆ ಹೋಲಿಸಿ ನೋಡಿದಾಗ ಅದು ಕ್ಯಾನ್ಸರ್‌ಗಳಲ್ಲಿ ಶೇ. 92.3 ಹಿಡಿಯಿತು, ಫಿಟ್ 73.8. ಅಪಾಯಕಾರಿ ಪಾಲಿಪ್‌ಗಳಲ್ಲಿ 42.4ಕ್ಕೆ 23.8. ಆದರೆ ನಿರ್ದಿಷ್ಟತೆ ಫಿಟ್‌ನ 94.9ರಿಂದ 86.6ಕ್ಕೆ ಇಳಿಯಿತು. ಹೆಚ್ಚು ಹಿಡಿಯುವ ಬಲೆಯಲ್ಲಿ ಬೇಡದ್ದೂ ಹೆಚ್ಚು ಸಿಗುತ್ತದೆ. 2024ರಲ್ಲಿ ವರದಿಯಾದ ಇದರ ಸುಧಾರಿತ ರೂಪ, ಸೂಕ್ಷ್ಮತೆಯನ್ನು 93.9ರಲ್ಲಿ ಇರಿಸಿಕೊಂಡೇ ನಿರ್ದಿಷ್ಟತೆಯನ್ನು 90.6ಕ್ಕೆ ಎತ್ತಿತು. ಆದರೂ ಒಂದು ಮಾತು ಉಳಿಯುತ್ತದೆ: ಈ ಹೋಲಿಕೆಗಳೆಲ್ಲ ಒಂದು ಸಲದ ಪರೀಕ್ಷೆಯವು. ಅಗ್ಗದ ಫಿಟ್ ಅನ್ನು ವರ್ಷ ವರ್ಷವೂ ಮಾಡಬಹುದು, ದುಬಾರಿ ಪರೀಕ್ಷೆಯನ್ನು ಮೂರು ವರ್ಷಕ್ಕೊಮ್ಮೆ ಮಾಡುತ್ತಾರೆ. ಈ ವರ್ಷ ತಪ್ಪಿಸಿಕೊಂಡ ಪಾಲಿಪ್ ಮುಂದಿನ ವರ್ಷ ಸಿಕ್ಕಿಬೀಳಲು ಅವಕಾಶವಿದೆ, ಏಕೆಂದರೆ ಅದು ನಿಧಾನವಾಗಿ ಬೆಳೆಯುವಂಥದ್ದು.

ಮಲ ಮುಟ್ಟಲು ಜನ ಹಿಂಜರಿಯುತ್ತಾರೆ, ರಕ್ತ ಕೊಡಲು ಹಿಂಜರಿಯುವುದಿಲ್ಲ. ಹಾಗಾಗಿ ರಕ್ತದಲ್ಲಿ ತೇಲುವ ಗಡ್ಡೆಯ ಡಿಎನ್‌ಎಯನ್ನು ಹುಡುಕುವ ಪೈಪೋಟಿ ಜೋರಾಗಿದೆ. ಈ ಸಾಲಿನಲ್ಲಿ ಮೊದಲು ಬಂದದ್ದು ಸೆಪ್ಟಿನ್-9 ಜೀನ್‌ನ ಮಿಥೈಲೀಕರಣ. ಆಸ್ಪತ್ರೆಯ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದ ಆರಂಭದ ಅಧ್ಯಯನಗಳಲ್ಲಿ ಅದು ಬಹಳ ಚೆನ್ನಾಗಿ ಕೆಲಸ ಮಾಡಿತ್ತು. ಲಕ್ಷಣಗಳಿಲ್ಲದೆ ತಪಾಸಣೆಗೆ ಬಂದ ಸುಮಾರು ಎಂಟು ಸಾವಿರ ಸಾಮಾನ್ಯ ಜನರ ಮೇಲೆ ಪ್ರಯೋಗಿಸಿದಾಗ ಹಿಡಿದದ್ದು ಕ್ಯಾನ್ಸರ್‌ಗಳಲ್ಲಿ ಶೇ. 48 ಮಾತ್ರ, ಮೊದಲ ಹಂತದವುಗಳಲ್ಲಿ 35ರಷ್ಟು. ಬೇರೆ ಪರೀಕ್ಷೆಗಳನ್ನು ನಿರಾಕರಿಸಿದವರಿಗೆಂದು 2016ರಲ್ಲಿ ಅದಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ತುಣುಕುಗಳ ಉದ್ದ, ಮಿಥೈಲೀಕರಣ, ಜೀನ್ ದೋಷ ಎಲ್ಲವನ್ನೂ ಸೇರಿಸಿ ಓದುವ ‘ಶೀಲ್ಡ್’ ಪರೀಕ್ಷೆ 2024ರ ವರದಿಯಲ್ಲಿ ಕ್ಯಾನ್ಸರ್‌ಗಳಲ್ಲಿ ಶೇ. 83 ಹಿಡಿಯಿತು. ಅಪಾಯಕಾರಿ ಪಾಲಿಪ್‌ಗಳಲ್ಲಿ ಹಿಡಿದದ್ದು ಶೇ. 13. ಕ್ಯಾನ್ಸರ್ ಇಲ್ಲದವರಲ್ಲೂ ನೂರಕ್ಕೆ ಹತ್ತು ಮಂದಿ ಪಾಸಿಟಿವ್ ಆಗಿದ್ದರು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ, ಪಾಲಿಪ್‌ಗಳ ಮಟ್ಟಿಗೆ ಇದು ಕುರುಡು ಊಹೆಗಿಂತ ಅಷ್ಟೇನೂ ಮೇಲಲ್ಲ.

ಇದಕ್ಕೆ ಕಾರಣ ಪಾಲಿಪ್ ಇರುವ ಜಾಗದಲ್ಲೇ ಇದೆ. ಗೋಡೆಯೊಳಕ್ಕೆ ಇಳಿಯದ ಪಾಲಿಪ್ ತನ್ನ ಕೋಶಗಳನ್ನು ಉದುರಿಸುವುದು ಕರುಳಿನ ಒಳಕ್ಕೆ, ಮಲದೊಳಕ್ಕೆ. ರಕ್ತನಾಳಗಳಿಗೆ ಅದರ ನೇರ ಸಂಪರ್ಕ ಇನ್ನೂ ಆಗಿರುವುದಿಲ್ಲ. ಕ್ಯಾನ್ಸರ್ ಆದ ಮೇಲೂ ಆರಂಭದಲ್ಲಿ ರಕ್ತದಲ್ಲಿನ ಮುಕ್ತ ಡಿಎನ್‌ಎಯಲ್ಲಿ ಗಡ್ಡೆಯ ಪಾಲು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಇರಬಹುದು. ರಕ್ತಕ್ಕೆ ಬಿದ್ದ ತುಣುಕು ಒಂದೆರಡು ಗಂಟೆಯೊಳಗೆ ಅರ್ಧಕ್ಕರ್ಧ ಕರಗಿಹೋಗುತ್ತದೆ. ಒಂದು ಸಿರಿಂಜ್ ರಕ್ತದಲ್ಲಿ ಗಡ್ಡೆಯ ತುಣುಕೇ ಇಲ್ಲದಿದ್ದರೆ ಎಂಥ ಯಂತ್ರವೂ ಅದನ್ನು ಓದಲಾರದು. ವಯಸ್ಸಾದಂತೆ ರಕ್ತದ ಮೂಲಕೋಶಗಳಲ್ಲೂ ಜೀನ್ ದೋಷಗಳು ಸೇರಿಕೊಳ್ಳುವುದರಿಂದ, ಸಿಕ್ಕ ದೋಷ ಗಡ್ಡೆಯದೋ ರಕ್ತಕೋಶದ್ದೋ ಎಂಬ ಗೊಂದಲ ಬೇರೆ. ಹೀಗಾಗಿ ರಕ್ತಪರೀಕ್ಷೆ ಏನೂ ಮಾಡಿಸಿಕೊಳ್ಳದವರಿಗೆ ಒಂದು ದಾರಿಯಾದೀತು. ಮಲಪರೀಕ್ಷೆ ಮಾಡಿಸಿಕೊಳ್ಳುತ್ತಿದ್ದವರು ಅದನ್ನು ಬಿಟ್ಟು ಇದಕ್ಕೆ ಬಂದರೆ ನಷ್ಟವೇ ಹೆಚ್ಚು.

ಬೇರೆ ಸೂಚಕಗಳ ಪಟ್ಟಿ ಉದ್ದವಿದೆ, ಅವುಗಳಲ್ಲಿ ಹೆಚ್ಚಿನವು ಪ್ರಯೋಗಾಲಯದ ಹೊಸಿಲು ದಾಟಿಲ್ಲ. ಮೈಕ್ರೋ ಆರ್‌ಎನ್‌ಎಗಳು, ಮೂತ್ರದ ಚಯಾಪಚಯ ವಸ್ತುಗಳು, ಉಸಿರಿನ ಆವಿಗಳು ಇವುಗಳ ಮೇಲೆ ನೂರಾರು ಪ್ರಬಂಧಗಳಿವೆ. ಜಪಾನಿನಲ್ಲಿ ತರಬೇತಿ ಪಡೆದ ಲ್ಯಾಬ್ರಡಾರ್ ನಾಯಿಯೊಂದು ಉಸಿರು ಮತ್ತು ಮಲದ ಮಾದರಿಗಳನ್ನು ಮೂಸಿ ಕ್ಯಾನ್ಸರ್ ಇದ್ದವರನ್ನು ಬಹುತೇಕ ಸರಿಯಾಗಿ ಗುರುತಿಸಿತೆಂದು 2011ರಲ್ಲಿ ವರದಿಯಾಯಿತು. ಆ ನಾಯಿ ಯಾವ ಅಣುವಿನ ವಾಸನೆ ಹಿಡಿಯಿತೆಂಬುದನ್ನು ಯಂತ್ರಕ್ಕೆ ಕಲಿಸುವುದು ಬಾಕಿಯಿದೆ. ಇವೆಲ್ಲಕ್ಕಿಂತ ಗಟ್ಟಿಯಾದ ಸುಳಿವು ಬ್ಯಾಕ್ಟೀರಿಯಾಗಳದ್ದು. ಹಲ್ಲಿನ ಪಾಚಿಯಲ್ಲಿ ವಾಸಿಸುವ ಫ್ಯುಸೊಬ್ಯಾಕ್ಟೀರಿಯಮ್ ನ್ಯೂಕ್ಲಿಯೇಟಮ್ ಕರುಳಿನ ಗಡ್ಡೆಗಳಲ್ಲಿ ತುಂಬಿಕೊಂಡಿರುವುದನ್ನು 2012ರಲ್ಲಿ ಎರಡು ತಂಡಗಳು ಬೇರೆಬೇರೆಯಾಗಿ ಕಂಡವು. ಮಲದಲ್ಲಿ ಅದರ ಪ್ರಮಾಣವನ್ನು ಫಿಟ್ ಜೊತೆ ಸೇರಿಸಿದರೆ ಪತ್ತೆ ಸುಧಾರಿಸುತ್ತದೆಂದು ಹಾಂಗ್‌ಕಾಂಗ್‌ನ ಸಂಶೋಧಕರು ತೋರಿಸಿದ್ದಾರೆ. ಕೊಲಿಬ್ಯಾಕ್ಟಿನ್ ಎಂಬ ವಿಷ ಉತ್ಪಾದಿಸುವ ಕೆಲವು ಇ-ಕೊಲೈ ತಳಿಗಳು ಡಿಎನ್‌ಎಯ ಮೇಲೆ ತಮ್ಮದೇ ಗಾಯದ ಗುರುತು ಬಿಡುತ್ತವೆ. ಆ ಗುರುತು 50ಕ್ಕಿಂತ ಚಿಕ್ಕ ವಯಸ್ಸಿನ ರೋಗಿಗಳ ಗಡ್ಡೆಗಳಲ್ಲಿ ಹೆಚ್ಚೆಂದು 2025ರ ಅಂತರರಾಷ್ಟ್ರೀಯ ಅಧ್ಯಯನವೊಂದು ಹೇಳಿದೆ. ಆದರೆ ಕರುಳಿನ ಸೂಕ್ಷ್ಮಜೀವಿಗಳು ಊಟ, ಊರು, ನುಂಗಿದ ಆಂಟಿಬಯೋಟಿಕ್ ಬದಲಾದಂತೆ ಬದಲಾಗುತ್ತವೆ. ಮುದ್ದೆ ಸೊಪ್ಪುಸಾರು ಉಣ್ಣುವವರ ಕರುಳಿಗೆ ಹಾಂಗ್‌ಕಾಂಗ್‌ನ ಗೆರೆಯನ್ನು ಹಾಗೆಯೇ ತಂದು ಹಾಕಲಾಗದು.

ಸೆಪ್ಟಿನ್-9ಕ್ಕೆ ಆದದ್ದು ಹೊಸ ಸೂಚಕಗಳಿಗೆಲ್ಲ ಆಗುವಂಥದ್ದೇ. ಮೊದಲ ಅಧ್ಯಯನಗಳಲ್ಲಿ ಒಂದು ಕಡೆ ದೊಡ್ಡ ಗಡ್ಡೆ ಇರುವ ರೋಗಿಗಳು, ಇನ್ನೊಂದು ಕಡೆ ಯಾವ ಕಾಯಿಲೆಯೂ ಇಲ್ಲದ ಯುವಕರು. ಈ ಎರಡರ ನಡುವೆ ವ್ಯತ್ಯಾಸ ಕಾಣಿಸುವುದು ಕಷ್ಟವಲ್ಲ. ನಿಜವಾದ ತಪಾಸಣೆಯಲ್ಲಿ ಗಡ್ಡೆ ಚಿಕ್ಕದು, ಪೈಲ್ಸ್, ಆಮಶಂಕೆ, ಉರಿಯೂತ, ಸಕ್ಕರೆ ಕಾಯಿಲೆ ಎಲ್ಲವೂ ಬೆರೆತ ಜನ. ಆದ್ದರಿಂದ 2001ರಲ್ಲಿ ಮಾರ್ಗರೆಟ್ ಪೆಪೆ ಮತ್ತು ಸಹೋದ್ಯೋಗಿಗಳು ಸೂಚಕಗಳಿಗೆ ಐದು ಮೆಟ್ಟಿಲು ಗೊತ್ತುಪಡಿಸಿದರು. ಪ್ರಯೋಗಾಲಯದ ಹುಡುಕಾಟದಿಂದ ಹೊರಟು, ರೋಗಿಗಳು ಮತ್ತು ಆರೋಗ್ಯವಂತರ ಹೋಲಿಕೆ, ಹಿಂದೆ ಸಂಗ್ರಹಿಸಿಟ್ಟ ಮಾದರಿಗಳಲ್ಲಿ ಪರೀಕ್ಷೆ, ಜನರ ನಡುವೆ ತಪಾಸಣೆ, ಕೊನೆಗೆ ಸಾವು ಇಳಿಯಿತೇ ಎಂಬ ಅಳತೆ. ಕೊನೆಯ ಮೆಟ್ಟಿಲು ಏಕೆ ಬೇಕೆಂದರೆ, ಬೇಗ ಪತ್ತೆಯಾದ ಮಾತ್ರಕ್ಕೆ ಬದುಕು ಉದ್ದವಾಯಿತು ಎನ್ನಲಾಗದು. 65ನೇ ವಯಸ್ಸಿಗೆ ಸಾಯಲಿದ್ದವರ ರೋಗ 62ರ ಬದಲು 58ಕ್ಕೆ ಗೊತ್ತಾದರೆ ಕಾಗದದ ಮೇಲೆ ‘ಐದು ವರ್ಷ ಬದುಕಿದರು’ ಎಂದಾಗುತ್ತದೆ. ಸಾವು ಬಂದದ್ದು ಅದೇ ವರ್ಷ.

ಭಾರತದಲ್ಲಿ ವರ್ಷಕ್ಕೆ 60 ಸಾವಿರಕ್ಕೂ ಹೆಚ್ಚು ಜನರಲ್ಲಿ ಈ ಕ್ಯಾನ್ಸರ್ ಪತ್ತೆಯಾಗುತ್ತಿದೆ. ಜನಸಂಖ್ಯೆಗೆ ಹೋಲಿಸಿದರೆ ಕಡಿಮೆ, ಆದರೆ ನಗರಗಳಲ್ಲಿ ಏರುಮುಖ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕ್ಯಾನ್ಸರ್ ನೋಂದಣಿ 1982ರಿಂದ ನಡೆಯುತ್ತಿರುವುದರಿಂದ ಈ ಬದಲಾವಣೆಗೆ ನಾಲ್ಕು ದಶಕಗಳ ದಾಖಲೆಯಿದೆ. ಇಲ್ಲಿನ ರೋಗಿಗಳಲ್ಲಿ ಚಿಕ್ಕ ವಯಸ್ಸಿನವರ ಪಾಲು ಹೆಚ್ಚು, ಗುದನಾಳದ ಗಡ್ಡೆ ಹೆಚ್ಚು, ತಡವಾಗಿ ಬರುವವರು ಹೆಚ್ಚು. 2016ರಲ್ಲಿ ಕೇಂದ್ರ ಸರ್ಕಾರ ರೂಪಿಸಿದ ಕ್ಯಾನ್ಸರ್ ತಪಾಸಣೆಯ ಚೌಕಟ್ಟಿನಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳಿನ ಕ್ಯಾನ್ಸರ್ ಇವೆ, ಕರುಳಿನದು ಇಲ್ಲ. ಮೇಲಿನ 126ರಲ್ಲಿ ಒಬ್ಬರ ಲೆಕ್ಕವನ್ನೂ ಜಿಲ್ಲಾ ಕೇಂದ್ರಗಳಾಚೆ ಕೊಲೊನೋಸ್ಕೋಪಿ ವಿರಳವಾಗಿರುವುದನ್ನೂ ನೋಡಿದರೆ ಅದು ತಪ್ಪು ನಿರ್ಧಾರವೇನಲ್ಲ. ಹೊರದೇಶದಲ್ಲಿರುವವರ ಮಾತು ಬೇರೆ: ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ 50 ದಾಟಿದ ಕನ್ನಡಿಗರ ಮನೆಗೆ ಫಿಟ್ ಕೊಳವೆ ಅಂಚೆಯಲ್ಲಿ ತಾನಾಗಿ ಬರುತ್ತದೆ, ಅಮೆರಿಕದಲ್ಲಿ 2021ರಿಂದ ತಪಾಸಣೆಯ ವಯಸ್ಸು 45ಕ್ಕೆ ಇಳಿದಿದೆ. ಅಲ್ಲಿ ಅದನ್ನು ಬಳಸಿಕೊಳ್ಳುವುದು ಸರಿ. ಬ್ರಿಟನ್ನಿನ ದಕ್ಷಿಣ ಏಷ್ಯಾ ಮೂಲದವರಲ್ಲಿ ಆ ಕೊಳವೆಯನ್ನು ವಾಪಸ್ ಕಳಿಸುವವರು ಉಳಿದವರಿಗಿಂತ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ.

ಊರಿನಲ್ಲಿ ಸೂಚಕದ ಹೆಚ್ಚಿನ ಉಪಯೋಗ ಲಕ್ಷಣ ಇರುವವರಲ್ಲಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ತೀರ್ಮಾನಿಸಿ, ಖಾರ ಬಿಟ್ಟು, ಮುಲಾಮು ಹಚ್ಚಿ, ನಾಟಿ ಔಷಧಿ ನುಂಗಿ ತಿಂಗಳುಗಟ್ಟಲೆ ಕಳೆಯುವುದು ಇಲ್ಲಿ ಸಾಮಾನ್ಯ. ಎಷ್ಟೋ ಸಲ ಅದು ನಿಜವಾಗಿಯೂ ಮೂಲವ್ಯಾಧಿಯೇ ಆಗಿರುತ್ತದೆ, ತೊಡಕು ಇರುವುದೂ ಅಲ್ಲೇ. ಬೆರಳು ಹಾಕಿ ಗುದನಾಳ ಪರೀಕ್ಷಿಸುವ ಎರಡು ನಿಮಿಷದ ಕೆಲಸವನ್ನು ಬಿಡದೆ ಮಾಡಿದರೆ ಕೆಳಭಾಗದ ಅನೇಕ ಗಡ್ಡೆಗಳು ಕೈಗೆ ಸಿಗುತ್ತವೆ, ಅದಕ್ಕೆ ಯಾವ ಸೂಚಕವೂ ಬೇಡ. ರಕ್ತ ಕಾಣಿಸದೆ ರಕ್ತಹೀನತೆ, ಹೊಟ್ಟೆನೋವು, ಬದಲಾದ ಮಲಾಭ್ಯಾಸ ಇಟ್ಟುಕೊಂಡು ಬಂದವರಲ್ಲಿ ಯಾರನ್ನು ಬೇಗ ಕೊಲೊನೋಸ್ಕೋಪಿಗೆ ಕಳಿಸಬೇಕೆಂದು ಆರಿಸಲು ಫಿಟ್ ನೆರವಾಗುತ್ತದೆ. ಬ್ರಿಟನ್ 2023ರಿಂದ ಲಕ್ಷಣ ಇರುವವರಿಗೆ 10 ಮೈಕ್ರೋಗ್ರಾಂ ಗೆರೆ ಇಟ್ಟು ಇದನ್ನೇ ಮಾಡುತ್ತಿದೆ. ಇಲ್ಲಿ ಗೆರೆಯನ್ನು ಹೊಸದಾಗಿ ಅಳೆದು ಹಾಕಬೇಕಾಗುತ್ತದೆ, ಆಮಶಂಕೆಯೂ ರಕ್ತ ತರಿಸುತ್ತದೆ. ಬಿಸಿಲೂ ಒಂದು ಸಂಗತಿ. ಶಾಖಕ್ಕೆ ಹಿಮೋಗ್ಲೋಬಿನ್ ಕೆಡುವುದರಿಂದ ಇಟಲಿಯ ಫ್ಲಾರೆನ್ಸ್‌ನಲ್ಲೇ ಬೇಸಿಗೆಯಲ್ಲಿ ಪಾಸಿಟಿವ್ ಪ್ರಮಾಣ ಇಳಿಯುವುದು ಕಂಡುಬಂದಿತ್ತು. ರಾಯಚೂರಿನ ಏಪ್ರಿಲ್‌ನಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಸಾಗುವ ಕೊಳವೆಯ ನೆಗೆಟಿವ್ ಉತ್ತರವನ್ನು ಅಷ್ಟು ಸುಲಭವಾಗಿ ನಂಬಲಾಗದು.

ಅಪಾಯ ಹೆಚ್ಚಿರುವವರನ್ನು ಮೊದಲೇ ಗುರುತಿಸುವ ಇನ್ನೊಂದು ದಾರಿ ಕುಟುಂಬದ್ದು. 1895ರಲ್ಲಿ ಮಿಚಿಗನ್ ವಿಶ್ವವಿದ್ಯಾಲಯದ ಆಲ್ಡ್ರೆಡ್ ವಾರ್ಥಿನ್ ಅವರ ಬಳಿ ಬಟ್ಟೆ ಹೊಲಿಯುತ್ತಿದ್ದ ಹೆಂಗಸೊಬ್ಬಳು, ತನ್ನ ಮನೆಯವರೆಲ್ಲ ಕ್ಯಾನ್ಸರ್‌ನಿಂದ ಸತ್ತಂತೆ ತಾನೂ ಬೇಗ ಸಾಯುತ್ತೇನೆ ಎಂದಿದ್ದಳು. ಹಾಗೆಯೇ ಸತ್ತಳು. ವಾರ್ಥಿನ್ ಆ ಮನೆತನದ ವಂಶಾವಳಿಯನ್ನು 1913ರಲ್ಲಿ ಪ್ರಕಟಿಸಿದರು. ಹೆನ್ರಿ ಲಿಂಚ್ 1960ರ ದಶಕದಿಂದ ಇಂಥ ಕುಟುಂಬಗಳನ್ನು ಬೆನ್ನುಹತ್ತಿದರು. 1993ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಕಾರಣ ತಿಳಿಯುತ್ತ ಹೋಯಿತು: ಡಿಎನ್‌ಎ ನಕಲಾಗುವಾಗ ಬರುವ ತಪ್ಪುಗಳನ್ನು ತಿದ್ದುವ ಎಂಎಲ್‌ಎಚ್-1, ಎಂಎಸ್‌ಎಚ್-2, ಎಂಎಸ್‌ಎಚ್-6, ಪಿಎಂಎಸ್-2 ಜೀನ್‌ಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿರುವುದು. ಲಿಂಚ್ ಸಿಂಡ್ರೋಮ್ ಎಂಬ ಈ ಸ್ಥಿತಿ ಕರುಳಿನ ಕ್ಯಾನ್ಸರ್ ಆದವರಲ್ಲಿ ನೂರಕ್ಕೆ ಸುಮಾರು ಮೂವರಲ್ಲಿರುತ್ತದೆ. ಪತ್ತೆಗೆ ಹೊಸ ಮಾದರಿ ಬೇಕಿಲ್ಲ, ಬಯಾಪ್ಸಿಗೆಂದು ಮೇಣದಲ್ಲಿ ಹುದುಗಿಸಿಟ್ಟ ಗಡ್ಡೆಯ ತುಣುಕಿನಲ್ಲೇ ಆ ನಾಲ್ಕು ಜೀನ್‌ಗಳ ಪ್ರೋಟೀನ್‌ಗಳಿಗೆ ಬಣ್ಣ ಹಾಕಿ ನೋಡಬಹುದು. ಎಂಎಲ್‌ಎಚ್-1 ಕಾಣೆಯಾಗಿದ್ದು ಬಿ-ರಾಫ್ ದೋಷವೂ ಇದ್ದರೆ ಅದು ಬಹುತೇಕ ವಂಶದಿಂದ ಬಂದದ್ದಲ್ಲ. ಇಲ್ಲವಾದರೆ ರೋಗಿಯ ರಕ್ತದಲ್ಲಿ ಜೀನ್ ಪರೀಕ್ಷೆ, ದೋಷ ಸಿಕ್ಕಿದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳಿಗೂ ಅದೇ ಒಂದು ಪರೀಕ್ಷೆ. ಅವರಲ್ಲಿ ಪ್ರತಿಯೊಬ್ಬರಿಗೂ ಅದು ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಫಿನ್‌ಲೆಂಡಿನಲ್ಲಿ ಇಂಥ ಕುಟುಂಬಗಳವರಿಗೆ ಮೂರು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ ಮಾಡುತ್ತ 15 ವರ್ಷ ಗಮನಿಸಿದಾಗ, ಮಾಡಿಸಿಕೊಳ್ಳದವರಿಗೆ ಹೋಲಿಸಿದರೆ ಕರುಳಿನ ಕ್ಯಾನ್ಸರ್ ಶೇ. 62ರಷ್ಟು ಕಡಿಮೆಯಾಗಿತ್ತು. ಈಗಿನ ಸಲಹೆ ಅದಕ್ಕಿಂತ ಬಿಗಿ: ಎಂಎಲ್‌ಎಚ್-1 ಅಥವಾ ಎಂಎಸ್‌ಎಚ್-2 ಜೀನ್ ಕೆಟ್ಟಿರುವವರಿಗೆ 20–25ನೇ ವಯಸ್ಸಿನಿಂದ ಒಂದೆರಡು ವರ್ಷಕ್ಕೊಮ್ಮೆ ಕೊಲೊನೋಸ್ಕೋಪಿ, ಎಂಎಸ್‌ಎಚ್-6 ಮತ್ತು ಪಿಎಂಎಸ್-2 ದೋಷವಿದ್ದವರಿಗೆ ತುಸು ತಡವಾಗಿ.